ದೀಪ ಸಣ್ಣಗಾಗಿದ್ದು ಯಾರಿಗೆ ಕಂಡಿತು?

'ಗ್ಯಾಸ್‌ಲೈಟಿಂಗ್' ಅನ್ನುವ ಪದ ಈಗ ಎಲ್ಲರ ಬಾಯಲ್ಲೂ ಇದೆ. ಗಂಡ-ಹೆಂಡಿರ ಜಗಳ, ಆಫೀಸಿನ ಬಾಸು, ರಾಜಕಾರಣಿಯ ಹೇಳಿಕೆ, ಎಲ್ಲದಕ್ಕೂ ಇದೇ ಪದ. 2022ರಲ್ಲಿ ಅಮೆರಿಕದ ಮೆರಿಯಂ-ವೆಬ್‌ಸ್ಟರ್ ನಿಘಂಟಿನವರು ಇದನ್ನು ವರ್ಷದ ಪದ ಅಂತ ಆರಿಸಿದರು. ಆ ವರ್ಷ ಅವರ ತಾಣದಲ್ಲಿ ಈ ಪದದ ಹುಡುಕಾಟ ಶೇಕಡಾ 1740ರಷ್ಟು ಏರಿತ್ತಂತೆ! ಕಣ್ಣಾರೆ ಕಂಡದ್ದನ್ನೂ 'ನನಗೇ ತಲೆ ಕೆಟ್ಟಿರಬೇಕು' ಎಂದುಕೊಂಡು ಅನುಮಾನಿಸುವ ಸ್ಥಿತಿಗೆ ಒಬ್ಬರನ್ನು ತಂದು ನಿಲ್ಲಿಸುವುದು, ಸ್ಥೂಲವಾಗಿ ಇದರ ಅರ್ಥ. ಪದ ಹುಟ್ಟಿದ್ದು ಒಂದು ಇಂಗ್ಲಿಷ್ ನಾಟಕದಿಂದ ಅನ್ನುವುದೂ ಈಗ ಬಹಳ ಜನಕ್ಕೆ ಗೊತ್ತು. ಆದರೆ ಆ ನಾಟಕವನ್ನು ಓದಿದವರು ಕಡಿಮೆ. ಹೆಂಡತಿಯನ್ನು ಹುಚ್ಚಿ ಮಾಡಲಿಕ್ಕೆ ಗಂಡ ಬೇಕೆಂದೇ ದೀಪವನ್ನು ಸಣ್ಣ ಮಾಡುತ್ತಾನೆ, ಹೆಂಡತಿ ಕೇಳಿದರೆ ಇಲ್ಲವಲ್ಲ ಅನ್ನುತ್ತಾನೆ ಅಂತ ಎಲ್ಲ ಕಡೆ ಬರೆದಿರುತ್ತಾರಲ್ಲ, ನಾಟಕದಲ್ಲಿ ಅದು ಹಾಗಿಲ್ಲವೇ ಇಲ್ಲ. ಅಲ್ಲಿ ದೀಪ ಗಂಡನ ಕೈಚಳಕವಲ್ಲ. ಅವನಿಗೇ ಗೊತ್ತಾಗದೆ ಅವನ ಬಗ್ಗೆ ಚಾಡಿ ಹೇಳುವ ವಸ್ತು ಅದು.

ಇದು ಸಣ್ಣ ವ್ಯತ್ಯಾಸ ಅನ್ನಿಸಬಹುದು. ನನಗೆ ಮಾತ್ರ ಇಡೀ ನಾಟಕದ ಕೀಲು ಅಲ್ಲೇ ಇದೆ ಅನ್ನಿಸುತ್ತದೆ. ಯಾಕೆ ಅಂತ ಹೇಳುವ ಮುಂಚೆ ಇಂಥ ಕತೆ ಬರೆಯುವವರ ಕಷ್ಟ ಏನು ಅಂತ ನೋಡೋಣ.

ಊರಿಗೆಲ್ಲ ಒಳ್ಳೆಯವನಾಗಿದ್ದು ಮನೆಯೊಳಗೆ ಹಿಂಸೆ ಕೊಡುವ ಗಂಡನ ಕತೆ ಹೇಳುವುದು ಕಾಣುವಷ್ಟು ಸುಲಭವಲ್ಲ. ಮೊದಲ ದೃಶ್ಯದಲ್ಲೇ ಅವನು ಕೈ ಎತ್ತಿದರೆ, 'ಇಂಥವನನ್ನು ಇವಳು ಯಾಕಾದರೂ ಮದುವೆಯಾದಳು, ಬಿಟ್ಟು ಹೋಗಬಾರದೇ' ಅಂತ ನೋಡುವವರು ಅವಳ ಮೇಲೇ ಗೂಬೆ ಕೂರಿಸುತ್ತಾರೆ. ಇಂಟರ್‌ವಲ್‌ವರೆಗೂ ಅವನು ನಗುನಗುತ್ತಾ ಹೂವು ತಂದುಕೊಡುತ್ತಿದ್ದರೆ, ಆಮೇಲೆ ಅವನು ಏನೇ ಮಾಡಿದರೂ 'ಪಾಪ, ಏನೋ ಕಾರಣ ಇರಬೇಕು' ಅಂತ ಅದೇ ಜನ ಅವನ ಪರ ವಾದ ಹುಡುಕುತ್ತಾರೆ. ಕತೆಯನ್ನು ಎಲ್ಲಿಂದ ಶುರು ಮಾಡಬೇಕು, ನಿಜ ಏನು ಅಂತ ಪ್ರೇಕ್ಷಕರಿಗೆ ಯಾವಾಗ ತಿಳಿಸಬೇಕು, ಇವೆರಡೇ ಇಂಥ ಕತೆಗಳ ಹಣೆಬರಹ ಬರೆಯುತ್ತವೆ. ಕಳೆದ ಮುನ್ನೂರು ವರ್ಷಗಳಲ್ಲಿ ಬೇರೆ ಬೇರೆಯವರು ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ.

ಹಳೆಯ ಉತ್ತರ ಫ್ರಾನ್ಸಿನ ಷಾರ್ಲ್ ಪೆರೋ 1697ರಲ್ಲಿ ಅಚ್ಚು ಹಾಕಿಸಿದ ನೀಲಿಗಡ್ಡದವನ ಕತೆ. ಆ ಶ್ರೀಮಂತನ ಗಡ್ಡ ನೀಲಿ, ನೋಡಿದರೆ ಹೆದರಿಕೆ, ಹಿಂದಿನ ಹೆಂಡಿರು ಏನಾದರೋ ಯಾರಿಗೂ ಗೊತ್ತಿಲ್ಲ. ಅವನು ಹುಡುಗಿಯನ್ನೂ ಅವಳ ಬಳಗವನ್ನೂ ಹಳ್ಳಿಯ ಬಂಗಲೆಗೆ ಕರೆದುಕೊಂಡು ಹೋಗಿ ಎಂಟು ದಿನ ಔತಣ, ಕುಣಿತ, ಬೇಟೆ ಅಂತ ಮೆರೆಸುತ್ತಾನೆ. ಎಂಟು ದಿನ ಮುಗಿಯುವಷ್ಟರಲ್ಲಿ ಹುಡುಗಿಗೆ ಆ ಗಡ್ಡ ಅಷ್ಟೇನೂ ನೀಲಿಯಾಗಿ ಕಾಣುವುದಿಲ್ಲ! ಮೋಡಿ ಅಂದರೇನು ಅಂತ ಇಷ್ಟು ಚಿಕ್ಕದಾಗಿ ಹೇಳಿದ್ದು ನಾನಂತೂ ಬೇರೆಲ್ಲೂ ಕಂಡಿಲ್ಲ. ಮುಂದಿನದು ನಿಮಗೆ ಗೊತ್ತೇ ಇದೆ - ಬೀಗದ ಕೈ ಗೊಂಚಲು, ತೆರೆಯಬಾರದ ಕೋಣೆ, ಒಳಗೆ ಹೆಣಗಳು, ಕೊನೆಗಳಿಗೆಯಲ್ಲಿ ಕುದುರೆ ಏರಿ ಬರುವ ಅಣ್ಣಂದಿರು. ಮೋಡಿ, ಮದುವೆ, ಮುಚ್ಚಿದ ಕೋಣೆ, ಹೊರಗಿನಿಂದ ಬರುವ ರಕ್ಷಕ. ಈ ನಾಲ್ಕು ಕಂಬಗಳ ಮೇಲೆ ಇವತ್ತಿಗೂ ಸಿನಿಮಾಗಳು ನಿಂತಿವೆ.

1848ರಲ್ಲಿ ಆ್ಯನ್ ಬ್ರಾಂಟೆ (ಮೂವರು ಬ್ರಾಂಟೆ ಸೋದರಿಯರಲ್ಲಿ ಕಿರಿಯಳು, ನಮ್ಮಲ್ಲಿ ಅವಳನ್ನು ಓದುವವರು ಕಮ್ಮಿ) 'ದ ಟೆನೆಂಟ್ ಆಫ್ ವೈಲ್ಡ್‌ಫೆಲ್ ಹಾಲ್' ಕಾದಂಬರಿಯಲ್ಲಿ ಈ ಕಂಬಗಳನ್ನೇ ಅದಲು ಬದಲು ಮಾಡಿದಳು. ಅವಳು ಶುರು ಮಾಡುವುದು ಓಡಿಬಂದಾದ ಮೇಲೆ. ಹಳ್ಳಿಯ ಪಾಳುಮನೆಗೆ ಒಬ್ಬ ಹೆಂಗಸು ಚಿಕ್ಕ ಮಗನ ಜತೆ ಬಾಡಿಗೆಗೆ ಬರುತ್ತಾಳೆ. ಯಾರು ಏನು ಎತ್ತ ಗೊತ್ತಿಲ್ಲ. ಊರವರು ಸುಮ್ಮನಿರುತ್ತಾರೆಯೇ? ಗಂಡ ಸತ್ತಿದ್ದಾನೋ ಇಲ್ಲವೋ, ಮಗು ಯಾರದೋ ಅಂತ ಗುಸುಗುಸು. ನಾವೂ ಅರ್ಧ ನಂಬುತ್ತೇವೆ. ಆಮೇಲೆ ಅವಳು ತನ್ನ ಡೈರಿಯನ್ನು ಒಬ್ಬನ ಕೈಗೆ ಕೊಡುತ್ತಾಳೆ. ಕಾದಂಬರಿಯ ನಡುಭಾಗವೆಲ್ಲ ಆ ಡೈರಿಯೇ. ಅದರಲ್ಲಿ ಆರ್ಥರ್ ಹಂಟಿಂಗ್‌ಡನ್ ಎಂಬ ಚೆಲುವ, ಮಾತುಗಾರ, ನಗೆಗಾರ ಸ್ವಲ್ಪಸ್ವಲ್ಪವಾಗಿ ಕುಡುಕನೂ ಕ್ರೂರಿಯೂ ಆಗುವುದನ್ನು ದಿನದ ಲೆಕ್ಕದಲ್ಲಿ ನೋಡುತ್ತೇವೆ. ಅವನನ್ನು ತಿದ್ದುತ್ತೇನೆ ಎಂಬ ಅವಳ ಹುಂಬತನವನ್ನೂ ಡೈರಿ ಮುಚ್ಚಿಡುವುದಿಲ್ಲ. 'ಯಾಕೆ ಮದುವೆಯಾದಳು' ಎಂಬ ಪ್ರಶ್ನೆಗೆ ಇದಕ್ಕಿಂತ ಪ್ರಾಮಾಣಿಕ ಉತ್ತರ ಆ ಕಾಲದಲ್ಲಿ ಇನ್ನೊಂದಿರಲಿಕ್ಕಿಲ್ಲ. ಇಲ್ಲಿ ಅಣ್ಣಂದಿರು ಕುದುರೆ ಏರಿ ಬರುವುದಿಲ್ಲ, ಅವಳೇ ಹೊರಟು ಬರುತ್ತಾಳೆ. ಆಗಿನ ವಿಮರ್ಶಕರು ಬಹಳ ಸಿಟ್ಟಾದರು. ಆ್ಯನ್ 1849ರಲ್ಲಿ ತೀರಿಕೊಂಡ ಮೇಲೆ ಅಕ್ಕ ಷಾರ್ಲಟ್ ಈ ವಸ್ತುವಿನ ಆಯ್ಕೆಯೇ ತಪ್ಪು ಅಂತ ಹೇಳಿ ಪುಸ್ತಕದ ಮರುಮುದ್ರಣಕ್ಕೆ ಒಪ್ಪಲಿಲ್ಲ. ಮನೆಯವರೇ!

ಡೈರಿಯನ್ನು ಕಾದಂಬರಿಯೊಳಗೆ ಇಡಬಹುದು, ರಂಗದ ಮೇಲೆ ಇಡುವುದು ಹೇಗೆ? ಈಗ ನಮ್ಮ ನಾಟಕಕ್ಕೆ ಬರೋಣ.

ಪ್ಯಾಟ್ರಿಕ್ ಹ್ಯಾಮಿಲ್ಟನ್ (1904-1962) ಇಂಗ್ಲೆಂಡಿನವನು, ಅಗ್ಗದ ಲಾಡ್ಜು, ಪಬ್ಬುಗಳ ಲೋಕದ ಕಾದಂಬರಿಕಾರ. ಹಿಚ್‌ಕಾಕ್ 1948ರಲ್ಲಿ ತೆಗೆದ 'ರೋಪ್' ಸಿನಿಮಾ ಇವನದೇ 1929ರ ನಾಟಕ. 'ಗ್ಯಾಸ್ ಲೈಟ್' ಮೊದಲು ಪ್ರದರ್ಶನವಾದದ್ದು 1938ರ ಡಿಸೆಂಬರ್ 5ರಂದು, ಲಂಡನ್ ಪಕ್ಕದ ರಿಚ್ಮಂಡ್ ಥಿಯೇಟರಿನಲ್ಲಿ. ಮುಂದಿನ ತಿಂಗಳೇ ಲಂಡನ್ನಿನ ಅಪೋಲೋ ಥಿಯೇಟರಿಗೆ ಹೋಯಿತು. ಮೂರು ಅಂಕ, ಒಂದೇ ಕೋಣೆ, ಒಂದೇ ಸಂಜೆಯ ಕತೆ. ಕಾಲ 1880, ಮಂಜು ಮುಸುಕಿದ ಲಂಡನ್.

ತೆರೆ ಎದ್ದಾಗ ಗಂಡ ಮ್ಯಾನಿಂಗ್‌ಹ್ಯಾಮ್ ಸೋಫಾದ ಮೇಲೆ ಮಲಗಿ ನಿದ್ದೆ ಮಾಡುತ್ತಿದ್ದಾನೆ. ಹೆಂಡತಿ ಬೆಲ್ಲಾ ಸದ್ದಾಗದಂತೆ ಓಡಾಡುತ್ತಿದ್ದಾಳೆ. ಹೊರಗೆ ಮಫಿನ್ ಮಾರುವವನ ಗಂಟೆ ಕೇಳುತ್ತದೆ. ಟೀ ಜತೆಗೆ ತಿನ್ನಲಿಕ್ಕೆ ಅವಳು ಸದ್ದಿಲ್ಲದೆ ತರಿಸಿದ್ದಾಳೆ, ಗಂಡನಿಗೆ ಖುಷಿಯಾಗಲಿ ಅಂತ. ಇಷ್ಟೇ. ಯಾರೂ ಯಾರಿಗೂ ಹೊಡೆದಿಲ್ಲ, ಬೈದಿಲ್ಲ. ಆದರೂ ಅವಳು ನಡೆಯುವ ರೀತಿ ನೋಡಿದರೇ ಆ ಮನೆ ಎಂಥದ್ದು ಅಂತ ತಿಳಿಯುತ್ತದೆ. ಎದ್ದವನು ಕೆಲಸದವಳ ಎದುರಿಗೇ ಹೆಂಡತಿಯನ್ನು ನಯವಾದ ಮಾತಿನಲ್ಲಿ ಅವಮಾನ ಮಾಡುತ್ತಾನೆ. ಅವಳ ಮುಖ ಸಪ್ಪಗಾದ ಕೂಡಲೇ ನಿನ್ನನ್ನು ನಾಟಕಕ್ಕೆ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾನೆ. ಅವಳು ಮಗುವಿನ ಹಾಗೆ ಕುಣಿದಾಡುತ್ತಾಳೆ. ಆ ಸಂತೋಷ ತುದಿಗೆ ಮುಟ್ಟಿದ ಗಳಿಗೆಯಲ್ಲಿ ಅವನ ದನಿ ಬದಲಾಗುತ್ತದೆ. ಗೋಡೆಯ ಮೇಲಿನ ಪಟ ಎಲ್ಲಿ? ತೆಗೆದವರು ಯಾರು? ಹೋಗಿ ತಂದು ತೂಗುಹಾಕು. ಅವಳು ನಾನು ತೆಗೆದಿಲ್ಲ ಅನ್ನುತ್ತಾಳೆ. ಹಿಂದೆ ಎರಡು ಸಲ ಸಿಕ್ಕಿದ ಜಾಗದಲ್ಲೇ ಹುಡುಕುತ್ತಾಳೆ, ಪಟ ಅಲ್ಲೇ ಇದೆ. ಎಲ್ಲಿದೆ ಅಂತ ಗೊತ್ತಿದ್ದ ಮೇಲೆ ಬಚ್ಚಿಟ್ಟವಳು ನೀನೇ ತಾನೇ! ಇನ್ನು ವಾದ ಎಲ್ಲಿಂದ ಬಂತು.

ಮೊದಲ ಕಾಲು ಗಂಟೆಯಲ್ಲಿ ಹ್ಯಾಮಿಲ್ಟನ್ ಒಂದಿಡೀ ದಾಂಪತ್ಯವನ್ನು ತೋರಿಸಿಬಿಟ್ಟಿದ್ದಾನೆ. ಸಿಹಿ, ಕಹಿ, ಮತ್ತೆ ಸಿಹಿ, ಅದಕ್ಕಿಂತ ದೊಡ್ಡ ಕಹಿ. ಇದನ್ನು ನೋಡಿದವರು 'ಅವಳು ಯಾಕೆ ಬಿಟ್ಟು ಹೋಗಲಿಲ್ಲ' ಅಂತ ಕೇಳುವುದಿಲ್ಲ, ಯಾಕೆಂದರೆ ಆ ನಾಟಕದ ಟಿಕೆಟ್ಟಿನ ಆಸೆ ಅವರಿಗೂ ಅರ್ಧ ನಿಮಿಷ ಹುಟ್ಟಿರುತ್ತದೆ.

ಗಂಡ ಹೊರಗೆ ಹೋದ ಮೇಲೆ ರಫ್ ಎಂಬ ಮುದುಕ ಬರುತ್ತಾನೆ, ನಿವೃತ್ತ ಪತ್ತೇದಾರ. ಹಿಂದೆ ಈ ಮನೆಯಲ್ಲಿ ಆಲಿಸ್ ಬಾರ್ಲೋ ಎಂಬ ಮುದುಕಿಯ ಕೊಲೆಯಾಗಿತ್ತು, ಅವಳ ಕೆಂಪುಹರಳುಗಳು ಸಿಕ್ಕಿರಲೇ ಇಲ್ಲ, ಕೊಂದವನು ನಿನ್ನ ಗಂಡನೇ ಅನ್ನುತ್ತಾನೆ. ಅಂದರೆ ರಹಸ್ಯ ಮೊದಲ ಅಂಕದಲ್ಲೇ ಬಯಲು! ಪತ್ತೇದಾರಿ ನಾಟಕ ಬರೆಯುವವರು ಯಾರೂ ಮಾಡದ ಕೆಲಸ. 'ಯಾರು ಮಾಡಿದ್ದು' ಎಂಬ ಕುತೂಹಲವನ್ನು ಹ್ಯಾಮಿಲ್ಟನ್ ತಾನಾಗಿಯೇ ಬಿಟ್ಟುಕೊಟ್ಟ. ಅವನಿಗೆ ಬೇಕಾಗಿದ್ದುದು ಬೇರೆ ಕುತೂಹಲ: ಈ ಹೆಂಗಸು ತನ್ನ ಕಣ್ಣನ್ನು ತಾನು ನಂಬುತ್ತಾಳೋ ಇಲ್ಲವೋ?

ಇಲ್ಲಿ ದೀಪ ಬರುತ್ತದೆ. ಆಗಿನ ಮನೆಗಳಲ್ಲಿ ಎಲ್ಲ ಕೋಣೆಗಳ ದೀಪಗಳಿಗೂ ಒಂದೇ ಕೊಳವೆಯಿಂದ ಗ್ಯಾಸು. ಇನ್ನೊಂದು ಕೋಣೆಯಲ್ಲಿ ದೀಪ ಹಚ್ಚಿದರೆ ಒತ್ತಡ ಇಳಿದು ಇಲ್ಲಿಯ ಜ್ವಾಲೆ ಸಣ್ಣಗಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಪಕ್ಕದ ತೋಟದವರು ಪಂಪ್‌ಸೆಟ್ ಚಾಲೂ ಮಾಡಿದರೆ ಮನೆಯ ಬಲ್ಬು ಮಂಕಾಗುತ್ತಿತ್ತಲ್ಲ, ಹಾಗೆ. ಗಂಡ ಪ್ರತಿ ರಾತ್ರಿ ಹೊರಗೆ ಹೋದವನು ಪಕ್ಕದ ಖಾಲಿ ಮನೆಗೆ ನುಗ್ಗಿ, ಮಾಡಿನ ಮೇಲಿಂದ ತನ್ನದೇ ಮನೆಯ ಮುಚ್ಚಿದ ಮೇಲಂತಸ್ತಿಗೆ ಇಳಿದು, ದೀಪ ಹಚ್ಚಿಕೊಂಡು ಹರಳುಗಳನ್ನು ಹುಡುಕುತ್ತಾನೆ. ಅವನು ಹೋಗಿ ಹತ್ತು ನಿಮಿಷಕ್ಕೆ ಕೆಳಗಿನ ದೀಪ ಇಳಿಯುತ್ತದೆ, ಅವನು ಬರುವ ಹತ್ತು ನಿಮಿಷ ಮುಂಚೆ ಏರುತ್ತದೆ. ಬೆಲ್ಲಾ ಇದನ್ನು ಗಮನಿಸಿದ್ದಾಳೆ, ಆದರೆ ಹೇಳಿದರೆ ಹುಚ್ಚು ಅಂದಾರು ಎಂದು ಬಾಯಿ ಬಿಟ್ಟಿಲ್ಲ. ರಫ್ ಜತೆ ಮಾತಾಡುವಾಗ ಮೊದಲ ಸಲ ಹೇಳುತ್ತಾಳೆ. ಮುದುಕ ಅದನ್ನು ಹುಚ್ಚು ಅನ್ನದೆ ಸಾಕ್ಷ್ಯ ಅನ್ನುತ್ತಾನೆ. ಆಮೇಲೆ ಇಬ್ಬರೂ ಮಾತಾಡುತ್ತಿದ್ದ ಹಾಗೇ ದೀಪ ನಿಧಾನಕ್ಕೆ ದೊಡ್ಡದಾಗುತ್ತದೆ... ಅವನು ಬರುತ್ತಿದ್ದಾನೆ!

ಪಟ, ಬಿಲ್ಲು, ಗಡಿಯಾರ ಎಲ್ಲವನ್ನೂ ಗಂಡ ಬಚ್ಚಿಡಬಲ್ಲ. ದೀಪವನ್ನು ಮಾತ್ರ ಬಚ್ಚಿಡಲಾರ. ಮುಖ್ಯವಾಗಿ, ಸಭಾಂಗಣದಲ್ಲಿ ಕುಳಿತ ನಾವೂ ಅದು ಏರುವುದನ್ನು ಕಣ್ಣಾರೆ ನೋಡಿದ್ದೇವೆ. ಬ್ರಾಂಟೆಯ ಡೈರಿ ಮಾಡಿದ ಕೆಲಸವನ್ನು ಇಲ್ಲಿ ದೀಪ ಮಾಡುತ್ತದೆ, ಪ್ರೇಕ್ಷಕರನ್ನು ಅವಳ ಪಕ್ಕಕ್ಕೆ ತಂದು ಕೂರಿಸುತ್ತದೆ.

ಕಾಲ 1880 ಅಂತ ಇಟ್ಟಿದ್ದರಲ್ಲೂ ವಿಷಯ ಇದೆ. ಮದುವೆಯಾದ ಹೆಂಗಸು ತನ್ನ ಆಸ್ತಿಯನ್ನು ತಾನೇ ಪೂರ್ತಿಯಾಗಿ ಇಟ್ಟುಕೊಳ್ಳಬಹುದು ಎಂಬ ಕಾನೂನು ಇಂಗ್ಲೆಂಡಿನಲ್ಲಿ ಬಂದದ್ದು 1882ರಲ್ಲಿ. 1878ರ ಕಾನೂನಿನಂತೆ ಹೆಂಡತಿಗೆ ಮ್ಯಾಜಿಸ್ಟ್ರೇಟರಿಂದ ಪ್ರತ್ಯೇಕ ವಾಸದ ಆದೇಶ ಸಿಗುತ್ತಿತ್ತು, ಆದರೆ ಗಂಡ ತೀವ್ರ ಹಲ್ಲೆಯ ತಪ್ಪಿಗೆ ಶಿಕ್ಷೆಯಾದವನಾಗಿರಬೇಕು. ಮೈಮೇಲೆ ಗಾಯ ಕಾಣದಂತೆ ಹಿಂಸಿಸುವ ಮ್ಯಾನಿಂಗ್‌ಹ್ಯಾಮನಿಗೆ ಈ ಕಾನೂನು ತಾಗುವುದಿಲ್ಲ. ಇನ್ನೊಂದು ಕಡೆ, ನಾಟಕ ರಂಗಕ್ಕೆ ಬಂದ 1938ರಲ್ಲೇ ಜನವರಿಯಿಂದ ಹೊಸ ವಿಚ್ಛೇದನ ಕಾನೂನು ಜಾರಿಗೆ ಬಂದಿತ್ತು. ಅದರಲ್ಲಿ ಕ್ರೌರ್ಯವೂ ವಿಚ್ಛೇದನಕ್ಕೆ ಕಾರಣ, ಗುಣವಾಗದ ಹುಚ್ಚೂ ಕಾರಣ! ಹ್ಯಾಮಿಲ್ಟನ್ ಇದನ್ನು ಯೋಚಿಸಿಯೇ ಬರೆದ ಅಂತ ನಾನು ಹೇಳುತ್ತಿಲ್ಲ. ಆದರೆ 'ಇವನು ಕ್ರೂರಿಯೋ, ಇವಳು ಹುಚ್ಚಿಯೋ' ಎಂಬ ಪ್ರಶ್ನೆ ಆ ವರ್ಷದ ಪ್ರೇಕ್ಷಕರಿಗೆ ಬರೀ ಹಳೇ ಕಾಲದ ಕತೆಯಾಗಿರಲಿಲ್ಲ. ಗಾಯ ಕಾಣದ ಈ ಬಗೆಯ ಹಿಡಿತವೇ ಅಪರಾಧ ಅಂತ ಇಂಗ್ಲೆಂಡಿನ ಕಾನೂನು ಹೇಳಲು 2015ರವರೆಗೆ ಕಾಯಬೇಕಾಯಿತು. ಮಾತಿನ, ಮನಸ್ಸಿನ ಹಿಂಸೆಯನ್ನೂ ಹೆಸರಿಸಿದ ನಮ್ಮ ಕೌಟುಂಬಿಕ ದೌರ್ಜನ್ಯ ಕಾಯಿದೆ 2005ರದ್ದು.

ಅಮೆರಿಕಕ್ಕೆ ಹೋದಾಗ ನಾಟಕದ ಹೆಸರು 'ಏಂಜೆಲ್ ಸ್ಟ್ರೀಟ್' ಆಯಿತು. ಬ್ರಾಡ್‌ವೇಯಲ್ಲಿ ಶುರುವಾದದ್ದು 1941ರ ಡಿಸೆಂಬರ್ 5ಕ್ಕೆ. ಎರಡೇ ದಿನಕ್ಕೆ ಪರ್ಲ್ ಹಾರ್ಬರ್ ದಾಳಿ. ಆದರೂ 1295 ಪ್ರದರ್ಶನ ಕಂಡಿತು. ಗಂಡನ ಪಾತ್ರಕ್ಕೆ ವಿನ್ಸೆಂಟ್ ಪ್ರೈಸ್.

ಅಷ್ಟರಲ್ಲಿ ಬ್ರಿಟನ್ನಿನಲ್ಲಿ ಥೊರೊಲ್ಡ್ ಡಿಕಿನ್ಸನ್ 1940ರಲ್ಲೇ ಇದನ್ನು ಸಿನಿಮಾ ಮಾಡಿದ್ದ. ಆಮೇಲೆ ಎಂಜಿಎಂ ಕಂಪನಿ ಹಕ್ಕು ಕೊಂಡು, ಹಳೆಯ ಸಿನಿಮಾದ ಪ್ರತಿಗಳನ್ನೆಲ್ಲ ನಾಶ ಮಾಡಿಸಲು ನೋಡಿತು. ಇಂಥ ಸಿನಿಮಾ ಇರಲೇ ಇಲ್ಲ, ನಿಮಗೆಲ್ಲೋ ಭ್ರಮೆ ಅಂತ ಜನಕ್ಕೆ ಹೇಳುವ ಯೋಚನೆ ಇತ್ತೇನೋ :) ಪುಣ್ಯಕ್ಕೆ ಪ್ರತಿಗಳು ಉಳಿದುಕೊಂಡವು, ಈಗಲೂ ನೋಡಬಹುದು.

1944ರಲ್ಲಿ ಜಾರ್ಜ್ ಕ್ಯೂಕರ್ ಮಾಡಿದ ಎಂಜಿಎಂ ಸಿನಿಮಾವೇ ಎಲ್ಲರಿಗೂ ಗೊತ್ತಿರುವುದು. ಇಂಗ್ರಿಡ್ ಬರ್ಗ್‌ಮನ್‌ಗೆ ಆಸ್ಕರ್ ಬಂತು. ಕೆಲಸದ ಹುಡುಗಿ ನ್ಯಾನ್ಸಿಯಾಗಿ ಆಂಜೆಲಾ ಲ್ಯಾನ್ಸ್‌ಬರಿಗೆ ಅದೇ ಮೊದಲ ಸಿನಿಮಾ. ಇದರಲ್ಲಿ ಕತೆಯ ಕಟ್ಟಡವನ್ನೇ ಬದಲಿಸಿದರು. ಒಂದೇ ಸಂಜೆಯ ಬದಲು ವರ್ಷಗಳ ಕತೆ. ನಾಯಕಿ ಪೌಲಾ ಇಟಲಿಯಲ್ಲಿ ಸಂಗೀತ ಕಲಿಯುತ್ತಾಳೆ, ಪಿಯಾನೋ ನುಡಿಸುವ ಗ್ರೆಗರಿಯನ್ನು ಪ್ರೀತಿಸುತ್ತಾಳೆ, ಮದುವೆ, ಹನಿಮೂನ್. ಗ್ರೆಗರಿಯಾಗಿ ಆ ಕಾಲದ ಪ್ರಣಯ ನಾಯಕ ಷಾರ್ಲ್ ಬುವಾಯೆ. ಪ್ರೇಕ್ಷಕರು ಹಿಂದಿನ ಸಿನಿಮಾಗಳಲ್ಲಿ ಅವನಿಗೆ ಸೋತವರೇ, ಹಾಗಾಗಿ ಮೋಡಿಯನ್ನು ಹೊಸದಾಗಿ ತೋರಿಸುವ ಕೆಲಸವೂ ಉಳಿಯಿತು! ಹಿಂಸೆ ಶುರುವಾಗುವುದು ಉಡುಗೊರೆಯಿಂದ. ಒಂದು ಬ್ರೋಚ್ ಕೊಟ್ಟು, ನಿನಗೆ ವಸ್ತು ಕಳೆದುಹಾಕುವ ಅಭ್ಯಾಸ, ಜೋಪಾನ ಅಂತ ನಗುತ್ತಾ ಅವಳ ಕೈಚೀಲದಲ್ಲಿ ತಾನೇ ಇಡುತ್ತಾನೆ. ಆ ಮಾತು ಕೇಳಿದಾಗ ನಾವೂ ನಕ್ಕಿರುತ್ತೇವೆ. ಲಂಡನ್ ಟವರ್ ನೋಡಿ ಮುಗಿಸುವಷ್ಟರಲ್ಲಿ ಬ್ರೋಚ್ ಇಲ್ಲ.

ಸಂಗೀತ ಕಛೇರಿಯ ದೃಶ್ಯವನ್ನಂತೂ ನೋಡಿಯೇ ತಿಳಿಯಬೇಕು. ತುಂಬಿದ ಸಭೆಯಲ್ಲಿ ಪಿಯಾನೋ ನಡೆಯುತ್ತಿದೆ. ಗಂಡ ಮೆಲ್ಲಗೆ ಗಡಿಯಾರವಿಲ್ಲದ ಬರೀ ಸರಪಳಿಯನ್ನು ತೋರಿಸುತ್ತಾನೆ, ಅವಳ ಚೀಲದಿಂದಲೇ ಗಡಿಯಾರ ತೆಗೆಯುತ್ತಾನೆ. ಅವಳು ಬಿಕ್ಕಿ ಅಳುತ್ತಾಳೆ, ಎಲ್ಲರೂ ತಿರುಗಿ ನೋಡುತ್ತಾರೆ. ಅವನು ಅತಿಥೇಯರಲ್ಲಿ ಕ್ಷಮೆ ಕೇಳುತ್ತಾ ಮೃದುವಾಗಿ ಅವಳ ಕೈ ಹಿಡಿದು ನಡೆಸಿಕೊಂಡು ಹೋಗುತ್ತಾನೆ. ಅಲ್ಲಿದ್ದವರ ಕಣ್ಣಿಗೆ ಎಂಥ ಒಳ್ಳೆಯ ಗಂಡ!

ಸಿನಿಮಾದಲ್ಲಿ ನನಗೆ ಒಪ್ಪಿಗೆಯಾಗದ್ದು ಮುದುಕ ರಫ್‌ನನ್ನು ತೆಗೆದು ಜೋಸೆಫ್ ಕಾಟನ್ ಎಂಬ ಚೆಂದದ ಹುಡುಗನನ್ನು ಪತ್ತೇದಾರ ಮಾಡಿದ್ದು. ನಾಟಕದ ರಫ್ ಅವಳಿಗೆ 'ಔಷಧಿ' ಅಂತ ವಿಸ್ಕಿ ಕುಡಿಸಿ ನಗಿಸುವ ಅಜ್ಜ, ಅವನಿಗೆ ಅವಳಿಂದ ಏನೂ ಬೇಕಿಲ್ಲ. ಕಾಟನ್ ಬಂದ ಕೂಡಲೇ ಒಬ್ಬ ಗಂಡಿನಿಂದ ಬಿಡಿಸಿ ಇನ್ನೊಬ್ಬ ಗಂಡಿಗೆ ಒಪ್ಪಿಸುವ ಕತೆಯಾಯಿತು.

ಮೋಡಿ ಎಷ್ಟು ಬಲವಾದದ್ದು ಅಂತ ತಿಳಿಯಲು ಹಿಚ್‌ಕಾಕ್‌ನ 1941ರ 'ಸಸ್ಪಿಷನ್' ನೋಡಬೇಕು. ಮೂಲ 1932ರ ಕಾದಂಬರಿಯಲ್ಲಿ ಗಂಡ ಕೊಲೆಗಾರನೇ, ಹೆಂಡತಿ ಗೊತ್ತಿದ್ದೂ ಅವನು ಕೊಟ್ಟ ವಿಷ ಕುಡಿಯುತ್ತಾಳೆ. ಸಿನಿಮಾದಲ್ಲಿ ಗಂಡ ಕ್ಯಾರಿ ಗ್ರಾಂಟ್. ಅವನು ಹಾಲಿನ ಲೋಟ ಹಿಡಿದು ಮೆಟ್ಟಿಲು ಹತ್ತುವ ದೃಶ್ಯಕ್ಕೆ ಹಿಚ್‌ಕಾಕ್ ಲೋಟದೊಳಗೇ ಬಲ್ಬು ಇಟ್ಟು ಹೊಳೆಯಿಸಿದ. ಅಷ್ಟೆಲ್ಲ ಮಾಡಿ ಕೊನೆಗೆ ಗಂಡ ನಿರಪರಾಧಿ, ಎಲ್ಲ ಅವಳ ಅನುಮಾನ ಅಂತ ಮುಗಿಸಿಬಿಟ್ಟರು. ಗ್ರಾಂಟ್‌ನನ್ನು ಕೊಲೆಗಾರ ಮಾಡಲು ಸ್ಟುಡಿಯೋದವರು ಒಪ್ಪಲಿಲ್ಲ ಅಂತ ಹಿಚ್‌ಕಾಕ್ ಆಮೇಲೆ ಹೇಳಿದ್ದುಂಟು. ಪಾತ್ರ ಹೆಂಡತಿಯ ಮೇಲೆ ಬೀಸಿದ ಬಲೆಗೆ ಸಿನಿಮಾ ಮಾಡಿದವರೇ ಬಿದ್ದ ಹಾಗಾಯಿತು.

ನಮ್ಮ ದೇಶದಲ್ಲಿ ಈ ಕತೆ ಬೇರೆ ದಾರಿಯಲ್ಲಿ ಬಂತು. ಜೂಲಿಯಾ ರಾಬರ್ಟ್ಸ್‌ಳ 1991ರ 'ಸ್ಲೀಪಿಂಗ್ ವಿತ್ ದ ಎನಿಮಿ'ಯನ್ನು ನೋಡಿ 1995-96ರಲ್ಲಿ ಹಿಂದಿಯಲ್ಲಿ ಮೂರು ಸಿನಿಮಾ ಬಂದವು - ಯಾರಾನಾ, ಅಗ್ನಿಸಾಕ್ಷಿ, ದರಾರ್. ನಾನಾ ಪಾಟೇಕರ್ 'ಅಗ್ನಿಸಾಕ್ಷಿ'ಗೆ ರಾಷ್ಟ್ರಪ್ರಶಸ್ತಿ ಪಡೆದರು. ಅದರಲ್ಲಿ ಕತೆ ಶುರುವಾಗುವುದು ಮನೀಷಾಳ ಎರಡನೇ ದಾಂಪತ್ಯದಿಂದ. ನಡುವೆ ನಾನಾ ಬಂದು ಇವಳು ನನ್ನ ಹೆಂಡತಿ ಅನ್ನುತ್ತಾನೆ, ಅವಳು ಅಲ್ಲ ಅನ್ನುತ್ತಾಳೆ. ಸತ್ಯ ತಿಳಿಯುವವರೆಗೆ ಸುಳ್ಳು ಹೇಳುತ್ತಿರುವವರು ಯಾರು ಅಂತ ನಾವು ಅವಳನ್ನೂ ಅನುಮಾನಿಸುತ್ತಾ ಕೂತಿರುತ್ತೇವೆ. ಸಸ್ಪೆನ್ಸ್ ಚೆನ್ನಾಗಿದೆ, ಆದರೆ ಅದರ ಬೆಲೆ ಕೊಟ್ಟವಳು ಆ ಹೆಂಗಸು.

ನನಗೆ ಅದಕ್ಕಿಂತ ಹಿಡಿಸಿದ್ದು ಬಾಲಚಂದರ್ ಅವರ 1977ರ ತಮಿಳು ಸಿನಿಮಾ 'ಅವರ್‌ಗಳ್'. ನಮ್ಮ ಬೆಂಗಳೂರಿನ ರಜನೀಕಾಂತ್ ಅದರಲ್ಲಿ ಪೀಡಕ ಗಂಡ. ಇಲ್ಲಿ ಮೋಡಿ ಬರುವುದು ವಿಚ್ಛೇದನ ಆದ ಮೇಲೆ! ಬದಲಾದವನ ಹಾಗೆ, ಪಶ್ಚಾತ್ತಾಪಪಟ್ಟವನ ಹಾಗೆ ಅವನು ಮತ್ತೆ ಅವಳ ಬದುಕಿನೊಳಗೆ ಬರುತ್ತಾನೆ. ಅವನೆಂಥವನು ಅಂತ ಗೊತ್ತಿದ್ದೂ ನಾವು ಅವಳ ಜತೆ ಸಡಿಲವಾಗುತ್ತೇವೆ. ಅವನ ತಾಯಿಯಾಗಿ ನಮ್ಮ ಲೀಲಾವತಿಯವರಿದ್ದಾರೆ. ಸೊಸೆಯ ಪರ ನಿಲ್ಲುವ ಸಾಕ್ಷಿ ಅತ್ತೆಯೇ ಆಗುವುದು ಭಾರತೀಯ ಸಿನಿಮಾದಲ್ಲಿ ಎಷ್ಟು ಅಪರೂಪ ಅಂತ ನಿಮಗೇ ಗೊತ್ತು.

ಕೊನೆಯ ದೃಶ್ಯದ ಬಗ್ಗೆ ಹೇಳದೆ ಬಿಡುವ ಹಾಗಿಲ್ಲ. ನಾಟಕದಲ್ಲೂ ಸಿನಿಮಾದಲ್ಲೂ ಗಂಡನನ್ನು ಕುರ್ಚಿಗೆ ಕಟ್ಟಿಹಾಕಿದ ಮೇಲೆ ಹೆಂಡತಿ ಅವನೊಬ್ಬನ ಜತೆ ಮಾತಾಡಬೇಕು ಅನ್ನುತ್ತಾಳೆ. ಅವನು ಮತ್ತೆ ಹಳೆಯ ಮೃದು ದನಿ ತೆಗೆಯುತ್ತಾನೆ - ಹಗ್ಗ ಕತ್ತರಿಸು. ಕತ್ತರಿಸುವ ಸಾಧನ ಅವಳ ಕೈಗೆ ಬರುತ್ತದೆ. ಆಗ ಅವಳು ಅವನು ಇಷ್ಟು ದಿನ ಹೊರಿಸಿದ ಹುಚ್ಚನ್ನೇ ತೊಟ್ಟುಕೊಳ್ಳುತ್ತಾಳೆ. ನಾನು ಹುಚ್ಚಿಯಲ್ಲವೇ, ಹುಚ್ಚಿ ನಿನಗೆ ಹೇಗೆ ಸಹಾಯ ಮಾಡಿಯಾಳು ಎಂಬ ಧಾಟಿ. ರಕ್ಷಕ ಹೊರಗಿನಿಂದ ಬಂದಿರಬಹುದು, ಲೆಕ್ಕ ಚುಕ್ತಾ ಮಾಡುವವಳು ಅವಳೇ.

1969ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್'ನಲ್ಲಿ ಇಬ್ಬರು ಮನೋವೈದ್ಯರು ಈ ನಾಟಕದ ಹೆಸರನ್ನೇ ಬಳಸಿ ಒಂದು ಲೇಖನ ಬರೆದರು, ಮನೆಯವರೇ ಸಂಚು ಮಾಡಿ ಸರಿಯಾಗಿರುವವರನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಲು ನೋಡಿದ ಪ್ರಕರಣಗಳ ಬಗ್ಗೆ. ಅದಾಗಿ ಎರಡು ವರ್ಷಕ್ಕೆ, 1971ರಲ್ಲಿ, ಇಲ್ಲಿ ಪುಟ್ಟಣ್ಣನವರ 'ಶರಪಂಜರ' ಬಂತು, ತ್ರಿವೇಣಿಯವರ ಕಾದಂಬರಿ. ಎರಡಕ್ಕೂ ಸಂಬಂಧವಿಲ್ಲ. ಆದರೆ ಗ್ಯಾಸ್ ಲೈಟ್ ಗುಂಗಿನಲ್ಲಿ ಶರಪಂಜರ ನೋಡಿದರೆ ಮೈ ಜುಮ್ಮೆನ್ನುತ್ತದೆ. ಇಲ್ಲಿ ಗಂಡ ಸಂಚುಗಾರನಲ್ಲ, ಹರಳುಗಳಿಲ್ಲ. ಮೊದಲರ್ಧದಲ್ಲಿ ಅವನ ಪ್ರೀತಿ ನಿಜವೇ. ಬಾಣಂತಿತನದಲ್ಲಿ ಕಾವೇರಿಗೆ ಬಂದ ಕಾಯಿಲೆಯೂ ನಿಜವೇ, ಅದು ವಾಸಿಯಾದದ್ದೂ ನಿಜ. ಆದರೆ ಆಸ್ಪತ್ರೆಯಿಂದ ಬಂದ ಮೇಲೆ ಅವಳು ಏನು ಮಾಡಿದರೂ, ನಕ್ಕರೂ, ಸಿಟ್ಟಾದರೂ, ಸೀರೆ ಉಟ್ಟರೂ ಹುಚ್ಚಿನ ಲೆಕ್ಕಕ್ಕೇ ಹೋಗುತ್ತದೆ. ಗಂಡನ ಇನ್ನೊಂದು ಸಂಬಂಧವನ್ನು ಅವಳು ಕಂಡುಹಿಡಿದಾಗ ಅದನ್ನು ಹೇಳಿಕೊಳ್ಳಲು ರಫ್‌ನಂಥ ಅಜ್ಜ ಯಾರೂ ಬಾಗಿಲು ತಟ್ಟುವುದಿಲ್ಲ. ಕಲ್ಪನಾ ಮತ್ತೆ ಆಸ್ಪತ್ರೆಯ ದಾರಿ ಹಿಡಿಯುವಲ್ಲಿಗೆ ಸಿನಿಮಾ ಮುಗಿಯುತ್ತದೆ.